ಕಳೆದದ್ದಲ್ಲ, ಹರಿದದ್ದು

ಬೆಂಗಳೂರಿನಿಂದ ಬಂದ ಕೊರಿಯರ್ ಲಕೋಟೆ ಜಲಜಾಳ ಕೈಗೆ ಸೇರಬೇಕಿತ್ತು. ಬಾಗಿಲು ತೆರೆದವನು ಅವಳ ಗಂಡ ಹೃಷಿಕೇಶ. ಬುಧವಾರ, ಮಧ್ಯಾಹ್ನ ಹನ್ನೆರಡೂವರೆ ಗಂಟೆ. ವಡೋದರಾದ ಗೋರ್ವಾದಲ್ಲಿರುವ ಆ ಪುಟ್ಟ ಮನೆಯ ಅಡುಗೆಮನೆಯಲ್ಲಿ ಅತ್ತೆ ಸುಮಿತ್ರಮ್ಮ ತೊವ್ವೆಗೆ ಒಗ್ಗರಣೆ ಹಾಕುತ್ತಿದ್ದರು. ಮಾವ ನಂಜುಂಡಯ್ಯ, ರೈಲ್ವೆಯಿಂದ ನಿವೃತ್ತರಾಗಿ ಎಂಟು ವರ್ಷವಾದವರು, ಆಗಲೇ ತಟ್ಟೆಯ ಮುಂದೆ ಕೂತಿದ್ದರು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದ ಜಲಜಾ ಕಣ್ಣುಜ್ಜುತ್ತ ಹೊರಗೆ ಬಂದಳು.

ಹೃಷಿಕೇಶ ಲಕೋಟೆ ಹರಿದು ಒಳಗಿನದನ್ನು ಎಳೆದ. ಹೆಂಡತಿಯ ನರ್ಸಿಂಗ್ ಪದವಿಯ ಸರ್ಟಿಫಿಕೇಟು. ಹಿಂಬದಿಯಲ್ಲಿ ಕರ್ನಾಟಕ ಸರ್ಕಾರದ ಹೊಸ ಮೊಹರು, ಇನ್ನೂ ನೀಲಿ ಮಾಸದ ಸಹಿ.

"ಇದಕ್ಕ್ಯಾಕೆ ಈಗ ಮೊಹರು?"

"ಮಸ್ಕತ್‌ನಲ್ಲಿ ಒಂದು ಆಸ್ಪತ್ರೇಲಿ ಕೆಲಸ ಸಿಕ್ಕಿದೆ. ಹೇಳಬೇಕು ಅಂತಿದ್ದೆ."

"ಯಾವಾಗ? ಏರ್‌ಪೋರ್ಟಿಂದ ಫೋನ್ ಮಾಡಿ ಹೇಳ್ತಿದ್ದೆಯಾ?"

"ಕೊಡಿ ಅದನ್ನ. ಮಡಚಬೇಡಿ."

ಅವನು ಬೀಸಿದ ಏಟು ಅವಳ ಎಡಗಿವಿಗೆ ಬಿತ್ತು. ತಲೆ ಹೋಗಿ ಫ್ರಿಜ್ಜಿನ ಬಾಗಿಲಿಗೆ ಬಡಿಯಿತು. ಜಲಜಾ ಕಿವಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು. ಹೃಷಿಕೇಶ ಸರ್ಟಿಫಿಕೇಟನ್ನು ಟಿವಿಯ ಮೇಲಿಟ್ಟು ಅಪ್ಪನ ಪಕ್ಕ ಬಂದು ಕೂತ.

"ಬಡಿಸಮ್ಮ," ಎಂದ.

ಸುಮಿತ್ರಮ್ಮ ಬಡಿಸಿದರು. ಅನ್ನ, ತೊವ್ವೆ, ತುಪ್ಪ, ತೊಂಡೆಕಾಯಿ ಪಲ್ಯ. ನಂಜುಂಡಯ್ಯ ತಲೆ ಎತ್ತದೆ ಕಲಸಿ ಉಂಡರು. ಸೊಸೆ ನೆಲದ ಮೇಲೆ ಕೂತಿರುವಾಗ ತಾನು ಮಗನಿಗೆ ಎರಡನೇ ಸಲ ತುಪ್ಪ ಹಾಕಿದ್ದು ಸುಮಿತ್ರಮ್ಮನಿಗೆ ಆಮೇಲೆ ಬಹಳ ದಿನ ನೆನಪಾಗುತ್ತಿತ್ತು.

ಮಗನ ಸಿಟ್ಟಿನ ಬುಡ ಅವರಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಅವನೇ ಮಸ್ಕತ್ತಿಗೆ ಹೊರಟಿದ್ದ. ಹೆಂಡತಿಗೂ ಮಗಳು ವರ್ಷಿಣಿಗೂ ಪಾಸ್‌ಪೋರ್ಟ್ ಮಾಡಿಸಿದ್ದ. ಡಿಪ್ಲೊಮಾ ಕಾಗದಕ್ಕೆ ಎಲ್ಲ ಮೊಹರೂ ನಾಲ್ಕೇ ದಿನದಲ್ಲಿ ಹಾಕಿಸಿಕೊಡುತ್ತೇನೆಂದು ಸೂರತ್‌ನ ಏಜೆಂಟೊಬ್ಬ ದುಡ್ಡು ತೆಗೆದುಕೊಂಡ. ಕಾಗದ ಅಲ್ಲಿಗೆ ಹೋಗಿ ಪರೀಕ್ಷೆಯಾದಾಗ ಮೊಹರು ಖೋಟಾ ಎಂದು ತಿಳಿಯಿತು. ಕೆಲಸ ಹೋಯಿತು, ಏಜೆಂಟ್ ಅಂಗಡಿ ಮುಚ್ಚಿ ಮಾಯವಾದ. ಅದಾದ ಮೇಲೆ ಇಲ್ಲಿನ ಕೆಮಿಕಲ್ ಕಾರ್ಖಾನೆಯಲ್ಲಿ ಪಾಳಿ ಮೇಲ್ವಿಚಾರಕನ ಕಪಾಳಕ್ಕೆ ಹೊಡೆದು ಇದ್ದ ನೌಕರಿಯನ್ನೂ ಕಳೆದುಕೊಂಡ. ಹದಿನಾಲ್ಕು ತಿಂಗಳಿಂದ ಮನೆಯಲ್ಲೇ ಇದ್ದ. ಮೊದಲು ಬಾಗಿಲು ಒದೆಯುತ್ತಿದ್ದವನು ಈಗ ಹೆಂಡತಿಯನ್ನು ಒದೆಯುತ್ತಿದ್ದ.

ಸಂಜೆ ಸುಮಿತ್ರಮ್ಮ ಬಟ್ಟೆಯಲ್ಲಿ ಐಸ್ ಸುತ್ತಿ ಸೊಸೆಯ ಕಿವಿಗೆ ಒತ್ತಿ ಹಿಡಿದರು.

"ನನಗಾದ್ರೂ ಹೇಳಬಹುದಿತ್ತಲ್ಲೇ."

"ಹೇಳಿದ್ರೆ ಬೇಡ ಅಂತಿದ್ರಿ, ಅತ್ತೆ."

ಅದು ನಿಜವೇ ಆಗಿತ್ತು. ಅವರು ಬಟ್ಟೆಯ ಮಗ್ಗುಲು ತಿರುಗಿಸಿ, "ಇನ್ನೂ ಏನೇನು ಆಗಬೇಕು?" ಎಂದರು.

"ಓದಿದ್ದು ಕರ್ನಾಟಕದಲ್ಲಿ, ಅದಕ್ಕೆ ಡಿಗ್ರಿಗೆ ಬೆಂಗಳೂರಿನ ಮೊಹರು. ಅದಾಯ್ತು. ವರ್ಷಿಣಿ ಹುಟ್ಟಿದ್ದು ಇಲ್ಲಿ, ಅವಳ ಬರ್ತ್ ಸರ್ಟಿಫಿಕೇಟಿಗೆ ಗುಜರಾತ್ ಸರ್ಕಾರದ್ದು, ಗಾಂಧಿನಗರದಲ್ಲಿ. ಆಮೇಲೆ ಎರಡಕ್ಕೂ ಅಹಮದಾಬಾದಿನಲ್ಲಿ ವಿದೇಶಾಂಗದವರ ಅಪೋಸ್ಟಿಲ್ ಸ್ಟಿಕರ್, ಕಾಗದ ಅಸಲಿ ಅಂತ ಬೇರೆ ದೇಶದೋರು ಒಪ್ಪೋಕೆ. ಇಲ್ಲೇ ಅಲ್ಕಾಪುರಿಯಲ್ಲಿರೋ ಏಜೆಂಟು ಎಲ್ಲಾ ಸೇರಿ ಹದಿನೆಂಟು ಸಾವಿರ ಕೇಳ್ತಾನೆ."

"ಸರ್ಕಾರದ ಫೀಸೇ ಅಷ್ಟಾ?"

"ಇಲ್ಲ. ಸ್ಟಿಕರಿಗೆ ಐವತ್ತು ರೂಪಾಯಿ. ಕಾಗದ ತಗೊಳ್ಳೋ ಕೌಂಟರಿನೋರ ಚಾರ್ಜು ಬೇರೆ, ಅದೂ ನೂರರ ಹತ್ರ."

ಮಾರ್ಕೆಟ್ಟಿನಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಇಳಿಸದೆ ಬಿಡದ ಹೆಂಗಸು ಸುಮಿತ್ರಮ್ಮ. ಐಸಿನ ಬಟ್ಟೆಯನ್ನು ಹಿಂಡಿ, "ಐವತ್ತು ರೂಪಾಯಿ ಕೆಲಸಕ್ಕೆ ಏಜೆಂಟ್ ಯಾತಕ್ಕೆ? ಒಬ್ಬನ್ನ ನಂಬಿ ಮನೆ ಹಾಳಾಗಿದ್ದು ಸಾಕು. ನಾವೇ ಹೋಗೋಣ," ಎಂದರು.

ಮುಂದಿನ ಗುರುವಾರ ಬೆಳಗಿನ ರೈಲಿಗೆ ಅತ್ತೆ ಸೊಸೆ ಹೊರಟರು. ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ತೈಲ ಕಂಪನಿಯ ಕ್ವಾರ್ಟರ್ಸಿನಲ್ಲಿರುವ ಮೀರಾಳ ಮನೆಗೆ ಅರಿಸಿನ ಕುಂಕುಮಕ್ಕೆ ಎಂದು ಮನೆಯಲ್ಲಿ ಹೇಳಿದ್ದರು. ಮೀರಾ ಸುಮಿತ್ರಮ್ಮನ ಚಿಕ್ಕಪ್ಪನ ಮಗಳು. ಅಲ್ಲಿಂದ ಗಾಂಧಿನಗರ ಹತ್ತಿರ. ಅಲ್ಲಿನ ಸರ್ಕಾರಿ ಕಚೇರಿಯ ಕಿಟಕಿಯ ಗುಮಾಸ್ತ ಬರ್ತ್ ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ನೋಡಿ, ಇದು ಹಳೆಯ ಕೈಬರಹದ್ದು, ಕಾರ್ಪೊರೇಷನ್ನಿನಿಂದ ಹೊಸ ಕಂಪ್ಯೂಟರ್ ಪ್ರತಿ ತನ್ನಿ ಎಂದು ವಾಪಸು ಕೊಟ್ಟ. ಹಾಗಾಗಿ ಹದಿನೈದು ದಿನದಲ್ಲಿ ಮತ್ತೊಂದು ಸಲ ಹೋಗಬೇಕಾಯಿತು. ಎರಡನೇ ಸಲ ಮೊಹರು ಬಿತ್ತು.

ಮೊದಲ ಸಲ ಹೋದಾಗ ಮೀರಾ ಊಟಕ್ಕೆ ಬಿಸಿಬೇಳೆಬಾತ್ ಮಾಡಿದ್ದಳು. ಹಪ್ಪಳ ಇಡುತ್ತಿದ್ದವಳು ಜಲಜಾಳ ಕೆನ್ನೆ ನೋಡಿ ನಿಂತಳು.

"ಕಿವಿ ಕೆಳಗೆ ಏನೇ ಅದು, ಹಳದಿ ಹಳದಿ?"

"ಬಾಗಿಲು ತಗಲಿತು," ಎಂದರು ಸುಮಿತ್ರಮ್ಮ, ಸೊಸೆ ಬಾಯಿ ತೆರೆಯುವ ಮೊದಲೇ.

ಜಲಜಾ ಅತ್ತೆಯ ಮುಖ ನೋಡಿದಳು. ನೋಡಿ ತಟ್ಟೆಯ ಕಡೆ ಬಗ್ಗಿದಳು. ವಾಪಸು ಬರುವ ರೈಲಿನಲ್ಲಿ ಆಣಂದ್ ಸ್ಟೇಷನ್ ದಾಟಿದ ಮೇಲೆ ಹೇಳಿದಳು: "ಇನ್ನೊಂದು ಕಾಗದ ಬೇಕು, ಅತ್ತೆ. ಮಗೂನ ಕರಕೊಂಡು ಹೋಗೋಕೆ ಅವರಪ್ಪನ ಒಪ್ಪಿಗೆ ಪತ್ರ. ಸ್ಟ್ಯಾಂಪ್ ಪೇಪರಿನ ಮೇಲೆ, ನೋಟರಿ ಮುಂದೆ ಸಹಿ ಹಾಕಬೇಕು."

"ವರ್ಷಿಣಿ ನಮ್ಮ ಹತ್ರ ಇರಲಿ. ಹೋಗಿ ದುಡಕೊಂಡು ಬಾ."

"ನಿಮ್ಮ ಹತ್ರ ಬಿಟ್ಟರೆ ಅವರ ಹತ್ರ ಬಿಟ್ಟ ಹಾಗೇ ಅಲ್ವಾ?"

ಒಂಬತ್ತು ವರ್ಷದ ವರ್ಷಿಣಿಯ ಮೇಲೆ ಹೃಷಿಕೇಶ ಅದುವರೆಗೆ ಕೈ ಮಾಡಿರಲಿಲ್ಲ. ಆ ಮಾತನ್ನೇ ಹೇಳಬೇಕೆಂದು ಹೊರಟ ಸುಮಿತ್ರಮ್ಮ ಹೇಳದೆ ಕಿಟಕಿಯ ಕಡೆ ತಿರುಗಿದರು.

ಹೃಷಿಕೇಶ ಕೆಲವು ದಿನ ಮೆತ್ತಗಿದ್ದ. ಗಾಡಿ ತೊಳೆದ, ಮಗಳಿಗೆ ತಿನ್ನಲು ಫಾಫ್ಡಾ ತಂದುಕೊಟ್ಟ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತೇನೆಂದು ಅವನೇ ಹೇಳಿದ. ಆದರೆ ಜಲಜಾಳ ಸಂಬಳ ತಿಂಗಳು ತಿಂಗಳು ತನ್ನ ಖಾತೆಗೆ ಬರಬೇಕು, ಪಾಸ್‌ಪೋರ್ಟುಗಳು ತನ್ನ ಹತ್ತಿರ ಇರಬೇಕು, ಆರು ತಿಂಗಳಲ್ಲಿ ತನಗೂ ಅಲ್ಲಿ ಕೆಲಸ ನೋಡಬೇಕು.

ಶುಕ್ರವಾರ ಸಂಜೆ ಜಲಜಾ ಉತ್ತರ ಹೇಳಿದಳು. ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಹೃಷಿಕೇಶ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ.

"ಮನೆ ಖರ್ಚಿಗೆ ಅತ್ತೆ ಖಾತೆಗೆ ಕಳಿಸ್ತೀನಿ. ನಿಮಗೆ ಕಳಿಸಲ್ಲ."

"ಮತ್ತೊಂದ್ಸಲ ಹೇಳು."

"ನಿಮಗೆ ಕಳಿಸಲ್ಲ. ಸಹಿ ಹಾಕದಿದ್ರೆ ಕೋರ್ಟಿಗೆ ಹೋಗ್ತೀನಿ."

ಅವನು ಅವಳ ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ಎಳೆದೊಯ್ದ. ನಡುಮನೆಯ ಕಬ್ಬಿಣದ ಬೀರುವಿಗೆ ಅವಳ ಹಣೆಯನ್ನು ಒಂದು ಸಲ, ಎರಡು ಸಲ, ಮೂರು ಸಲ ಬಡಿದ. ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯಿತು. ಬಿಟ್ಟಾಗ ಅವಳು ಮಂಡಿಯೂರಿ ಬಿದ್ದಳು. ಪಕ್ಕೆಗೆ ಒದ್ದ. ಬೀರು ತೆರೆದು ಸೀರೆಗಳ ನಡುವೆ ಇಟ್ಟಿದ್ದ ಸರ್ಟಿಫಿಕೇಟನ್ನು ಎಳೆದುಕೊಂಡ.

"ನನ್ನ ಮೊಹರು ಖೋಟಾ. ಇವಳದು ಮಾತ್ರ ಅಸಲಿ," ಎಂದು ಅಡ್ಡಕ್ಕೆ ಹರಿದ. ಮತ್ತೆ ಉದ್ದಕ್ಕೆ ಹರಿದ.

ಸುಮಿತ್ರಮ್ಮ ಓಡಿ ಬಂದು ಅವನ ತೋಳಿಗೆ ಜೋತುಬಿದ್ದರು. "ಬಿಡೋ. ಅವಳ ಓದು ಕಣೋ ಅದು. ಬಿಡೋ ಹೃಷಿ."

ಅವನು ತೋಳು ಕೊಡವಿದ. ಅರವತ್ತೊಂದು ವರ್ಷದ ಹೆಂಗಸು ಹೋಗಿ ಅಡುಗೆಮನೆಯ ಬಾಗಿಲ ಕಡಪಾ ಕಲ್ಲಿನ ಅಂಚಿಗೆ ಬಲಗೈ ಕೊಟ್ಟು ಬಿದ್ದರು. ಮೂಳೆ ಮುರಿದ ಸದ್ದು ಅವರಿಗೇ ಕೇಳಿಸಿತು. ಟ್ಯೂಷನ್ ಮುಗಿಸಿ ಬಂದ ವರ್ಷಿಣಿ ಚೀಲ ಹೊತ್ತೇ ಬಾಗಿಲಲ್ಲಿ ನಿಂತಿದ್ದಳು. ಹೃಷಿಕೇಶ ಸ್ಟೂಲು ಎತ್ತಿ ಹೆಂಡತಿಯ ಬೆನ್ನಿಗೆ ಹೊಡೆದ. ಮಗು ಅಮ್ಮನ ಮೇಲೆ ಬೋರಲು ಬಿದ್ದಿತು. ಎರಡನೇ ಏಟು ಮಗುವಿನ ಬೆನ್ನ ಮೇಲಿದ್ದ ಪುಸ್ತಕದ ಚೀಲಕ್ಕೆ ಬಿತ್ತು.

ಅಷ್ಟರಲ್ಲಿ ಮೂಲೆಯ ಕುರ್ಚಿಯಲ್ಲಿದ್ದ ನಂಜುಂಡಯ್ಯ ಎದ್ದರು. ಎದ್ದು ಬೀದಿಯ ಕಡೆಯ ಕಿಟಕಿ ಮುಚ್ಚಿದರು.

ಹೃಷಿಕೇಶ ಸ್ಟೂಲು ಎಸೆದು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಜಲಜಾ ಒಂದು ಕಣ್ಣಿನಲ್ಲೇ ನೋಡಿಕೊಂಡು ಅತ್ತೆಯ ಕೈಗೆ ಮಗಳ ಅಡಿಪಟ್ಟಿ ಇಟ್ಟು ದುಪಟ್ಟಾ ಬಿಗಿದಳು. ಮೂವರೂ ರಿಕ್ಷಾ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋದರು. ಅವಳ ಹುಬ್ಬಿಗೆ ಐದು ಹೊಲಿಗೆ, ಅತ್ತೆಯ ಮಣಿಕಟ್ಟಿಗೆ ಪ್ಲಾಸ್ಟರು.

"ಹೇಗೆ ಬಿದ್ದಿರಿ ಮಾಸಿ?" ಎಂದು ಡಾಕ್ಟರು ಕೇಳಿದರು.

"ಬಚ್ಚಲಲ್ಲಿ ಜಾರಿದೆ."

"ಇವರು?"

"ನನ್ನ ಎತ್ತೋಕೆ ಬಂದು ಅವಳೂ ಜಾರಿದಳು."

ವರ್ಷಿಣಿ ಡಾಕ್ಟರ ಮೇಜಿನ ಅಂಚು ಹಿಡಿದು, "ಅಜ್ಜಿ ಖೋಟು ಬೋಲೇ ಛೇ," ಎಂದಳು. ಅಜ್ಜಿ ಸುಳ್ಳು ಹೇಳುತ್ತಾಳೆ. ಡಾಕ್ಟರು ಮಗುವನ್ನು ನೋಡಿದರು, ಸುಮಿತ್ರಮ್ಮನನ್ನು ನೋಡಿದರು, ಹೊರಗಿನ ಸಾಲು ನೋಡಿದರು. ಬಚ್ಚಲು ಎಂದೇ ಬರೆದುಕೊಂಡರು.

ಜಲಜಾ ಅಂದು ಮನೆಗೆ ಬರಲಿಲ್ಲ. ಜೊತೆಯ ನರ್ಸ್ ನಿಕಿತಾಳ ಬಾಡಿಗೆ ಕೋಣೆಗೆ ಮಗಳನ್ನು ಕರೆದುಕೊಂಡು ಹೋದಳು. ಸುಮಿತ್ರಮ್ಮ ಮನೆಗೆ ಮರಳಿದರು. ಹರಿದ ನಾಲ್ಕು ತುಂಡುಗಳನ್ನು ಎಡಗೈಯಲ್ಲಿ ಹೆಕ್ಕಿ ಅಕ್ಕಿ ಡಬ್ಬದ ಕೆಳಗೆ ಇಟ್ಟರು.

ಒಂದು ವಾರ ಮನೆ ಹೇಗೋ ನಡೆಯಿತು. ಹೃಷಿಕೇಶ ಹೊತ್ತಿಗೆ ಬಂದು ಉಂಡು ಹೋಗುತ್ತಿದ್ದ. ಅಮ್ಮನ ಪ್ಲಾಸ್ಟರು ನೋಡಿ, "ಮಧ್ಯೆ ಬರಬೇಡ ಅಂತ ಎಷ್ಟು ಸಲ ಹೇಳಿದೀನಿ," ಎಂದಷ್ಟೇ ಅಂದ. ನಂಜುಂಡಯ್ಯ ಬದುಕಿನಲ್ಲಿ ಮೊದಲ ಬಾರಿಗೆ ಚಪಾತಿ ಹಿಟ್ಟು ಕಲಸಿದರು. ನೀರು ಹೆಚ್ಚಾಗಿ ಬೆರಳಿಗೆಲ್ಲ ಮೆತ್ತಿಕೊಂಡಿತು.

"ರೀ," ಎಂದರು ಸುಮಿತ್ರಮ್ಮ, "ಅವತ್ತು ಕಿಟಕಿ ಯಾಕೆ ಮುಚ್ಚಿದ್ರಿ?"

"ಬೀದಿಯೋರು ಕೇಳಿಸ್ಕೋತಾರೆ ಅಂತ."

"ಕೇಳಿಸ್ಕೊಂಡಿದ್ರೆ ಯಾರಾದ್ರೂ ಬರ್ತಿದ್ರು."

ನಂಜುಂಡಯ್ಯ ಹಿಟ್ಟಿಗೆ ಇನ್ನಷ್ಟು ಹಿಟ್ಟು ಸೇರಿಸಿದರು.

ಪದವಿಯ ನಕಲು ಪ್ರತಿಗೆ ವಿಶ್ವವಿದ್ಯಾಲಯ ಎರಡು ಕಾಗದ ಕೇಳಿತು: ಪೊಲೀಸರಿಗೆ ದೂರು ಕೊಟ್ಟ ರಸೀದಿ, ಮತ್ತು ಮೂಲ ಪ್ರತಿ ಹೇಗೆ ಹೋಯಿತೆಂಬ ಪ್ರಮಾಣಪತ್ರ. ಮಸ್ಕತ್ತಿನವರು ಆರು ತಿಂಗಳು ಕಾಯುತ್ತೇವೆಂದು ಮೇಲ್ ಕಳಿಸಿದ್ದರು. ಸೋಮವಾರ ಅತ್ತೆ ಸೊಸೆ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಕೂರುವ ಟೈಪಿಸ್ಟನ ಹತ್ತಿರ ಹೋದರು. ಅವನಲ್ಲಿ ಎಲ್ಲದಕ್ಕೂ ಸಿದ್ಧ ನಮೂನೆ ಇತ್ತು. ಹೆಸರು ತುಂಬಿ ಓದಿ ಹೇಳಿದ: "ಗೋರ್ವಾದಿಂದ ರೈಲ್ವೆ ಸ್ಟೇಷನ್ನಿಗೆ ರಿಕ್ಷಾದಲ್ಲಿ ಹೋಗುವಾಗ ಸದರಿ ಸರ್ಟಿಫಿಕೇಟು ಎಲ್ಲೋ ಬಿದ್ದು ಕಳೆದುಹೋಗಿರುತ್ತದೆ. ಸರಿನಾ ಬೆಹನ್? ಸಹಿ ಮಾಡಿ."

ಜಲಜಾ ಪೆನ್ನು ತೆಗೆದುಕೊಂಡಳು. ಹುಬ್ಬಿನ ಹೊಲಿಗೆಯನ್ನು ಅಂದು ಬೆಳಿಗ್ಗೆಯಷ್ಟೇ ಬಿಚ್ಚಿಸಿಕೊಂಡಿದ್ದಳು.

"ಕಳೆದಿಲ್ಲ," ಎಂದರು ಸುಮಿತ್ರಮ್ಮ. ಮೂವತ್ತನಾಲ್ಕು ವರ್ಷದ ಗುಜರಾತಿ ಅವರದು, ತಡವರಿಸಲಿಲ್ಲ. "ನನ್ನ ಮಗ ಹರಿದು ಹಾಕಿದ. ತುಂಡು ಇಲ್ಲಿವೆ."

ಟೈಪಿಸ್ಟ್ ಕನ್ನಡಕ ಮೇಲೆತ್ತಿದ. "ಮಾಸಿ, ಕಳೆದಿದೆ ಅಂತ ಬರೆದರೆ ಹತ್ತು ನಿಮಿಷದ ಕೆಲಸ. ಹರಿದದ್ದು ಅಂದರೆ ಯಾರು, ಯಾಕೆ ಅಂತ ಕೇಳ್ತಾರೆ. ದೂರು ದಾಖಲಾಗುತ್ತೆ. ಮಗ ಒಳಗೆ ಹೋಗ್ತಾನೆ."

"ಅತ್ತೆ, ಬೇಡ," ಎಂದಳು ಜಲಜಾ. "ನನಗೆ ಕಾಗದ ಸಿಕ್ಕಿದ್ರೆ ಸಾಕು. ನೀವು ಅದೇ ಮನೇಲಿ ಬದುಕಬೇಕು."

"ಕಾಗದ ಸಿಕ್ಕಿದ್ರೆ ನೀನು ಹೋಗ್ತೀಯ. ಮಗು? ಅವನು ಸಹಿ ಹಾಕಲ್ಲ. ಅವನು ಎಂಥವನು ಅಂತ ಎಲ್ಲೂ ಬರೆದಿಲ್ಲದಿದ್ರೆ ಕೋರ್ಟು ಯಾಕೆ ನಿನ್ನ ಮಾತು ಕೇಳುತ್ತೆ?" ಅವರು ಟೈಪಿಸ್ಟನ ಕಡೆ ತಿರುಗಿದರು. "ಹರಿದದ್ದು ಅಂತಲೇ ಬರಿಯಪ್ಪ. ಎಷ್ಟು ಹೊತ್ತಾದರೂ ಕೂತಿರ್ತೀನಿ."

ಠಾಣೆಯಲ್ಲಿದ್ದ ಮಹಿಳಾ ಅಧಿಕಾರಿ ಎರಡು ಸಲ ಕೇಳಿದಳು, "ಸ್ವಂತ ಮಗನ ಮೇಲೆ ಬರೆಸ್ತೀರಾ ಮಾಸಿ?" ಸುಮಿತ್ರಮ್ಮ ಎರಡು ಸಲವೂ ಹೌದೆಂದರು. ಮಣಿಕಟ್ಟಿನ ಬಗ್ಗೆ ಆಸ್ಪತ್ರೆಯ ಕಾಗದದಲ್ಲಿ ಬಚ್ಚಲು ಎಂದಿದೆಯಲ್ಲ ಎಂದಾಗ, "ಅದು ಸುಳ್ಳು. ನಾನೇ ಹೇಳಿ ಬರೆಸಿದ್ದು. ಡಾಕ್ಟರ ಹತ್ರ ಹೋಗಿ ಸರಿ ಮಾಡಿಸಿಕೊಂಡು ಬರ್ತೀನಿ," ಎಂದರು. ಹಾಗೇ ಮಾಡಿಸಿದರು. ಅಡುಗೆಮನೆಯಲ್ಲಿ ಈರುಳ್ಳಿ ಎಷ್ಟು ಹೆಚ್ಚಾಗಿತ್ತು, ಸ್ಟೂಲು ಯಾವ ಬಣ್ಣದ್ದು, ಬೀರುವಿಗೆ ಎಷ್ಟು ಸಲ ತಲೆ ಬಡಿಯಿತು, ಒಂದೂ ಬಿಡದೆ ಹೇಳಿದರು. ಹೇಳುವಾಗ ಅಳಲಿಲ್ಲ. ಹೊರಗೆ ಬಂದು ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡರು.

ಮಾರನೆಯ ದಿನ ಪೊಲೀಸರು ಹೃಷಿಕೇಶನನ್ನು ತಿಂಡಿಯ ತಟ್ಟೆಯ ಮುಂದಿನಿಂದಲೇ ಎಬ್ಬಿಸಿಕೊಂಡು ಹೋದರು. ಜೀಪು ಹತ್ತುವಾಗ ಅವನು ತಿರುಗಿ, "ನೀನು ಸತ್ತರೂ ಬರಲ್ಲಮ್ಮ," ಎಂದ. ಬೀದಿಯ ಎಲ್ಲ ಬಾಗಿಲೂ ತೆರೆದಿದ್ದವು. ನಂಜುಂಡಯ್ಯ ಹೆಂಡತಿಯ ಜೊತೆ ಹನ್ನೊಂದು ದಿನ ಮಾತಾಡಲಿಲ್ಲ. ಹನ್ನೆರಡನೇ ದಿನ ಹಾಲಿನವನಿಗೆ ಎಷ್ಟು ಕೊಡಬೇಕೆಂದು ಕೇಳಿದರು.

ಜಾಮೀನು ಸಿಕ್ಕಿತು. ಆದರೆ ಅವನು ಗೋರ್ವಾದ ಮನೆಗೆ ಕಾಲಿಡಬಾರದೆಂದು ಮ್ಯಾಜಿಸ್ಟ್ರೇಟರು ಆದೇಶ ಮಾಡಿದರು. ಅವನು ಸೂರತ್‌ಗೆ ಹೋಗಿ ಗೆಳೆಯನೊಬ್ಬನ ಬಟ್ಟೆ ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ. ಮಗುವಿನ ವಿಚಾರಕ್ಕೆ ಜಲಜಾ ಬೇರೆ ಅರ್ಜಿ ಹಾಕಿದಳು. ಆ ವಿಚಾರಣೆಯಲ್ಲಿ ಅವನ ವಕೀಲ ಸುಮಿತ್ರಮ್ಮನನ್ನು ಕೇಳಿದ, "ಸೊಸೆ ದುಡ್ಡು ಕಳಿಸ್ತಾಳೆ ಅನ್ನೋ ಆಸೆಗೆ ಹೆತ್ತ ಮಗನ ವಿರುದ್ಧ ನಿಂತಿದೀರಿ, ಅಲ್ವಾ?"

"ಮಗು ಬೆನ್ನಿನ ಮೇಲೆ ಪುಸ್ತಕದ ಚೀಲ ಇರದಿದ್ರೆ ಆ ಏಟು ಎಲ್ಲಿ ಬೀಳ್ತಿತ್ತು, ನೀವೇ ಹೇಳಿ," ಎಂದರು ಅವರು. ಹೃಷಿಕೇಶ ಹಿಂದಿನ ಬೆಂಚಿನಲ್ಲಿದ್ದ. ಅಮ್ಮನನ್ನೇ ನೋಡುತ್ತಿದ್ದ. ಅವರೂ ನೋಡಿದರು. ಅವನು ತುಂಬ ಇಳಿದುಹೋಗಿದ್ದ. ಅಂಗಿಯ ಕಾಲರು ಕೊಳೆಯಾಗಿತ್ತು.

ತಂದೆಯ ಒಪ್ಪಿಗೆ ಇಲ್ಲದೆಯೇ ಮಗುವನ್ನು ಕರೆದೊಯ್ಯಬಹುದೆಂದು ಆದೇಶವಾಯಿತು. ನಕಲು ಪದವಿ ಬಂತು. ಅದು ಮತ್ತೆ ಬೆಂಗಳೂರಿಗೆ ಹೋಗಿ ಮೊಹರು ಹಾಕಿಸಿಕೊಂಡು ಬಂತು. ಐದು ತಿಂಗಳು ಕಳೆದಿತ್ತು. ಅಹಮದಾಬಾದಿನ ಕೌಂಟರಿನಿಂದ ಸ್ಟಿಕರ್ ಅಂಟಿದ ಕಾಗದಗಳನ್ನು ಪಡೆದ ದಿನ ಮೂವರೂ ಮೀರಾಳ ಮನೆಯ ವರಾಂಡಾದಲ್ಲಿ ಕೂತು ಒಂದೊಂದಾಗಿ ತೆಗೆದು ನೋಡಿದರು. ವರ್ಷಿಣಿ ತನ್ನ ಬರ್ತ್ ಸರ್ಟಿಫಿಕೇಟನ್ನು ಜೋರಾಗಿ ಓದತೊಡಗಿದಳು. ಹೆಸರು, ಹುಟ್ಟಿದ ದಿನ, ಆಸ್ಪತ್ರೆ, ತಾಯಿ. ತಂದೆಯ ಹೆಸರು ಬಂದಾಗ ನಿಂತುಬಿಟ್ಟಳು.

"ಓದು," ಎಂದರು ಸುಮಿತ್ರಮ್ಮ.

"ನಹೀ ಅಜ್ಜಿ. ಇದು ಬೇಡ."

"ಓದು ಮರಿ. ಅದೂ ಸುಳ್ಳಲ್ಲವಲ್ಲ."

ಮಗು ತಗ್ಗಿದ ದನಿಯಲ್ಲಿ ಓದಿತು. ಜಲಜಾ ಕಾಗದಗಳನ್ನು ಪ್ಲಾಸ್ಟಿಕ್ ಫೈಲಿಗೆ ಸೇರಿಸಿದಳು.

ಇಪ್ಪತ್ತು ದಿನದ ನಂತರ ಅಹಮದಾಬಾದಿನ ವಿಮಾನ ನಿಲ್ದಾಣದಲ್ಲಿ ಸುಮಿತ್ರಮ್ಮ ಅವರಿಬ್ಬರನ್ನು ಗಾಜಿನ ಬಾಗಿಲವರೆಗೆ ಬಿಟ್ಟರು. ಜಲಜಾ ಕಾಲಿಗೆ ನಮಸ್ಕರಿಸಲು ಬಗ್ಗಿದಾಗ ಭುಜ ಹಿಡಿದೆತ್ತಿ, "ಚಟ್ನಿಪುಡಿ ಮೇಲಿನ ಚೀಲದಲ್ಲಿದೆ. ಹೋಗು, ಸಾಲು ಬೆಳೀತಿದೆ," ಎಂದರು. ಮಧ್ಯಾಹ್ನದ ರೈಲಿಗೆ ಒಬ್ಬರೇ ಹಿಂತಿರುಗಿದರು.

ಗೋರ್ವಾದ ಮನೆಯ ಮುಂದೆ ರಿಕ್ಷಾ ನಿಂತಾಗ ಆರು ಗಂಟೆ, ಇನ್ನೂ ಬಿಸಿಲಿತ್ತು. ಮೆಟ್ಟಿಲ ಮೇಲೆ ಹೃಷಿಕೇಶ ಕೂತಿದ್ದ. ಅವನ ಹಿಂದೆ ಬಾಗಿಲ ಚೌಕಟ್ಟಿನಲ್ಲಿ ನಂಜುಂಡಯ್ಯ ನಿಂತಿದ್ದರು. ಬಾಗಿಲು ತೆರೆದಿದ್ದರು, ಮಗನನ್ನು ಒಳಗೆ ಬಿಟ್ಟಿರಲಿಲ್ಲ.

"ಹೋದರಾ?" ಎಂದ ಮಗ.

"ಹೋದರು."

"ನನ್ನ ಮಗಳನ್ನ ಮಾರಿಬಿಟ್ಟೆ."

"ನೀನು ಇಲ್ಲಿಗೆ ಬರಬಾರದು ಅಂತ ಆರ್ಡರಿದೆ ಹೃಷಿ. ಊಟ ಕಟ್ಟಿಕೊಡ್ತೀನಿ, ಹೊರಡು."

ಅವನು ಎದ್ದು ಬಂದು ಕೆನ್ನೆಗೆ ಹೊಡೆದ. ಅವರು ಹಿಂದೆ ಸರಿಯಲಿಲ್ಲ. ಮತ್ತೆ ಹೊಡೆದ. ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು, ಚೀಲ ಕೈಜಾರಿ ಬಿತ್ತು. ರಿಕ್ಷಾದವನು ಇಳಿದು, "ಏಯ್ ಭಾಯ್," ಎಂದು ಅಡ್ಡ ಬಂದ. ಎದುರುಮನೆಯ ಇಬ್ಬರು ಗೇಟು ತೆಗೆದು ಓಡಿಬಂದು ಹೃಷಿಕೇಶನ ತೋಳು ಹಿಡಿದರು. ಅವನು ಬಿಡಿಸಿಕೊಳ್ಳಲು ನೋಡಿ, ಆಗದೆ, ಅವರ ಕೈಯಲ್ಲೇ ಜೋತುಬಿದ್ದು ಅಳತೊಡಗಿದ.

ಸುಮಿತ್ರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡರು. ಚೀಲ ಎತ್ತಿಕೊಂಡು ರಿಕ್ಷಾ ಹತ್ತಿ ಕೂತರು.

"ಪೊಲೀಸ್ ಠಾಣೆ," ಎಂದರು.

ಬಾಗಿಲಲ್ಲಿ ನಂಜುಂಡಯ್ಯ ಗಂಟಲು ಸರಿಮಾಡಿಕೊಂಡರು. "ನಿಲ್ಲು. ನಾನೂ ನೋಡಿದೀನಿ," ಎಂದರು. ಬಗ್ಗಿ ಚಪ್ಪಲಿ ಹುಡುಕತೊಡಗಿದರು. ಒಂದು ಸಿಕ್ಕಿತು, ಇನ್ನೊಂದು ಗಲಾಟೆಯಲ್ಲಿ ಎಲ್ಲೋ ಹೋಗಿತ್ತು.

ಸುಮಿತ್ರಮ್ಮ ರಿಕ್ಷಾದವನಿಗೆ ಎರಡು ನಿಮಿಷ ಕಾಯಲು ಹೇಳಿ, ಸೀಟಿನ ಒಂದು ಬದಿಗೆ ಸರಿದು ಕೂತರು.